ಪುಸ್ತಕದ ಬದನೆಕಾಯಿ ಪಲ್ಯ ಆಗೋದು ಯಾವಾಗ?

ಕಳೆದ ಬೇಸಿಗೆ ರಜೆಯಲ್ಲಿ ಬೆಂಗಳೂರಿನ ಒಂದು ಕಂಪನಿಯಲ್ಲಿ ಎರಡು ತಿಂಗಳು ಇಂಟರ್ನ್‌ಶಿಪ್ ಮಾಡಿದೆ. ಹೋಗುವಾಗ ಬರಿಗೈಯಲ್ಲಿ ಹೋಗಲಿಲ್ಲ. ಆರನೇ ಸೆಮ್‌ನ ಮಿನಿ ಪ್ರಾಜೆಕ್ಟ್‌ಗೆ ಅಂತ ನಾವು ಮೂವರು ಗೆಳೆಯರು ಕಟ್ಟಿದ್ದ ಒಂದು ಟೂಲ್ ನನ್ನ ಲ್ಯಾಪ್‌ಟಾಪ್‌ನಲ್ಲಿತ್ತು. ಜಾವಾ ಪ್ರೋಗ್ರಾಮನ್ನ ರನ್ ಮಾಡದೇನೇ, ಬರೀ ಕೋಡ್ ಓದಿ, ನಲ್ ಪಾಯಿಂಟರ್ ದೋಷ ಎಲ್ಲಿ ಬರಬಹುದು ಅಂತ ಅದು ಹೇಳುತ್ತೆ. ಇದಕ್ಕೆ ಸ್ಟ್ಯಾಟಿಕ್ ಅನಾಲಿಸಿಸ್ ಅಂತಾರೆ. ಲ್ಯಾಬ್‌ನಲ್ಲಿ ನಾವೇ ಬೇಕಂತ ತಪ್ಪು ಹಾಕಿ ಬರೆದಿದ್ದ ಇಪ್ಪತ್ತು ಪ್ರೋಗ್ರಾಮ್‌ಗಳಲ್ಲಿ ಇಪ್ಪತ್ತನ್ನೂ ಹಿಡಿದಿತ್ತು. ಎಕ್ಸ್‌ಟರ್ನಲ್ ಎಕ್ಸಾಮಿನರ್ ಬೆನ್ನು ತಟ್ಟಿ ಹೋಗಿದ್ರು. ನಮಗೆ ಕೊಂಬು ಬರೋದಕ್ಕೆ ಅಷ್ಟು ಸಾಕಾಗಿತ್ತು.

ಕಂಪನಿಗೆ ಸೇರಿದ ಎರಡನೇ ವಾರ, ಒಂದು ರಾತ್ರಿ ಅಲ್ಲಿನ ಟೀಮಿನ ಇಡೀ ಕೋಡ್ ಮೇಲೆ ಟೂಲ್ ಓಡಿಸಿದೆ. ಬೆಳಿಗ್ಗೆ ನೋಡಿದ್ರೆ ಇನ್ನೂರಕ್ಕೂ ಹೆಚ್ಚು ಎಚ್ಚರಿಕೆಗಳು! ಖುಷಿಯಲ್ಲಿ ಎಲ್ಲವನ್ನೂ ಸ್ಪ್ರೆಡ್‌ಶೀಟ್‌ಗೆ ಹಾಕಿ, ಬಣ್ಣ ಬಳಿದು, ಟೀಮಿನ ಹನ್ನೊಂದು ಜನಕ್ಕೂ ಮೇಲ್ ಕಳಿಸಿದೆ. ಆಮೇಲೆ ಕಾಯ್ತಾ ಕೂತೆ. ಒಂದು ದಿನ ಆಯ್ತು, ಮೂರು ದಿನ ಆಯ್ತು, ವಾರ ಆಯ್ತು. ಒಂದೇ ಒಂದು ಉತ್ತರ ಇಲ್ಲ.

ಕೊನೆಗೆ ತಡೆಯಲಾರದೆ ಟೀಮ್ ಲೀಡ್ ಹತ್ರ ಹೋಗಿ ಕೇಳಿದೆ: "ಮೇಡಂ, ಆ ಲಿಸ್ಟ್ ನೋಡಿದ್ರಾ?"

"ಬಾ, ಕೂತ್ಕೋ" ಅಂದ್ರು. ಇಬ್ಬರೂ ಸೇರಿ ಮೊದಲ ಮೂರು ಸಾಲು ನೋಡಿದ್ವಿ. ಮೊದಲನೆಯದು ಟೆಸ್ಟ್ ಕೋಡಿನಲ್ಲಿತ್ತು, ಗ್ರಾಹಕರ ಹತ್ರ ಹೋಗೋದೇ ಇಲ್ಲ. ಎರಡನೆಯದು ಯಾವುದೋ ಟೂಲ್ ತಾನಾಗೇ ಬರೆದ ಫೈಲು, ಅದನ್ನ ಯಾರೂ ಕೈಯಿಂದ ತಿದ್ದೋ ಹಾಗಿಲ್ಲ. ಮೂರನೆಯದರ ಹತ್ರ ಮೇಡಂ ಸ್ವಲ್ಪ ನಿಂತ್ರು. "ಇದು ನಿಜವಾದ ಬಗ್ಗೇ ಕಣಪ್ಪಾ. ಆದ್ರೆ ಇದನ್ನ ಬರೆದವರು ಎರಡು ವರ್ಷದ ಹಿಂದೆ ಕೆಲಸ ಬಿಟ್ಟು ಹೋದ್ರು. ಈಗ ನಡೀತಾ ಇರೋದನ್ನ ಮುಟ್ಟಿ ಕೆಡಿಸೋ ಧೈರ್ಯ ಯಾರಿಗಿದೆ ಹೇಳು?"

ಅವತ್ತು ಪಿಜಿಗೆ ವಾಪಸ್ ಬರುವಾಗ ಬಸ್ಸಿನಲ್ಲಿ ಒಂದೇ ಯೋಚನೆ. ನಮ್ಮ ಊರಲ್ಲಿ ಓದಿದ್ದು ಬಳಕೆಗೆ ಬಾರದಿದ್ರೆ 'ಪುಸ್ತಕದ ಬದನೆಕಾಯಿ' ಅಂತಾರೆ. ನಾವು ಒಂದು ಸೆಮಿಸ್ಟರ್ ಪೂರ್ತಿ ಬೆಳೆದಿದ್ದು ಅದನ್ನೇನಾ?

ಆಮೇಲೆ ಹುಡುಕಿ ಓದಿದಾಗ ಸ್ವಲ್ಪ ಸಮಾಧಾನ ಆಯ್ತು. ನನಗಾದ ಅನುಭವ ಜಗತ್ತಿನ ದೊಡ್ಡ ದೊಡ್ಡ ಸಂಶೋಧಕರಿಗೂ ಆಗಿದೆ. ಅವರು ಬಿದ್ದು ಎದ್ದು ಕಲಿತದ್ದನ್ನ ಬರೆದೂ ಇಟ್ಟಿದ್ದಾರೆ. ಫೈನಲ್ ಇಯರ್ ಪ್ರಾಜೆಕ್ಟ್‌ಗೆ ವಿಷಯ ಹುಡುಕ್ತಾ ಇರೋ ನಿಮಗೂ ಬೇಕಾಗಬಹುದು ಅಂತ ಈ ಲೇಖನ.

ಹದಿನೈದಿಪ್ಪತ್ತು ವರ್ಷದ ದಾರಿ

ಸಾಫ್ಟ್‌ವೇರ್ ಎಂಜಿನಿಯರಿಂಗ್‌ನ ಒಂದು ಹೊಸ ವಿಚಾರ ಮೊಳಕೆ ಒಡೆದು, ಸಾಮಾನ್ಯ ಎಂಜಿನಿಯರ್‌ಗಳ ಕೈಗೆ ಬರೋದಕ್ಕೆ ಎಷ್ಟು ವರ್ಷ ಹಿಡಿಯುತ್ತೆ? 1985ರಲ್ಲಿ ರೆಡ್‌ವೈನ್ ಮತ್ತು ರಿಡಲ್ ಅನ್ನೋ ಇಬ್ಬರು ಹಲವು ತಂತ್ರಗಳ ಇತಿಹಾಸವನ್ನ ಕೆದಕಿ ನೋಡಿ ಉತ್ತರ ಕೊಟ್ರು: ಸುಮಾರು 15ರಿಂದ 20 ವರ್ಷ. ನಾವು ಹುಟ್ಟಿ ಕಾಲೇಜು ಸೇರೋ ಅಷ್ಟು ಕಾಲ!

ವಾರಕ್ಕೊಂದು ಹೊಸ ಜಾವಾಸ್ಕ್ರಿಪ್ಟ್ ಲೈಬ್ರರಿ ಬರೋ ಈ ಕಾಲದಲ್ಲಿ ಇದು ಹಳೇ ಕಾಲದ ಲೆಕ್ಕ ಅನ್ನಿಸಬಹುದು. ಆದ್ರೆ ಮುಂದೆ ಹೇಳೋ ಕತೆಗಳಲ್ಲೂ ಇಸವಿಗಳನ್ನ ಗಮನಿಸಿ. ಲೆಕ್ಕ ಹೆಚ್ಚು ಕಡಿಮೆ ಹಾಗೇ ಇದೆ. ಇಷ್ಟು ತಡ ಆಗೋದಕ್ಕೆ ಕಂಪನಿಗಳ ಸೋಮಾರಿತನ ಒಂದೇ ಕಾರಣ ಅಲ್ಲ. ಪ್ರಬಂಧದಲ್ಲಿ ಇರೋದು ಒಂದು ವಿಚಾರ, ಎಂಜಿನಿಯರ್‌ಗೆ ಬೇಕಾಗಿರೋದು ಒಂದು ಸಾಧನ. ಇವೆರಡರ ಮಧ್ಯೆ ಮಾಡಬೇಕಾದ ಕೆಲಸಕ್ಕೆ ಪ್ರಬಂಧವೂ ಸಿಗಲ್ಲ, ಪ್ರಮೋಷನ್ನೂ ಸುಲಭವಾಗಿ ಸಿಗಲ್ಲ. ಹಾಗಾಗಿ ಅದು ಯಾರ ಕೆಲಸವೂ ಅಲ್ಲ ಅನ್ನೋ ಹಾಗೆ ಬಿದ್ದಿರುತ್ತೆ.

ನೀಲಿ ಪರದೆಯಿಂದ ಶುರುವಾದ ಸ್ಲ್ಯಾಮ್

ಹಳೇ ವಿಂಡೋಸ್ ಬಳಸಿದವರಿಗೆ ನೀಲಿ ಪರದೆ ಮರೆಯೋ ಹಾಗಿಲ್ಲ. ಅರ್ಧ ಟೈಪ್ ಮಾಡಿದ ಅಸೈನ್‌ಮೆಂಟ್ ಸಮೇತ ಕಂಪ್ಯೂಟರ್ ಕಣ್ಣು ಮುಚ್ಚುತ್ತಿತ್ತು. ಬೈಗುಳ ಮೈಕ್ರೋಸಾಫ್ಟ್‌ಗೆ ಬೀಳ್ತಾ ಇತ್ತು. ಆದ್ರೆ ತಪ್ಪು ಬಹಳ ಸಲ ಡಿವೈಸ್ ಡ್ರೈವರ್‌ಗಳದ್ದು, ಅಂದ್ರೆ ಪ್ರಿಂಟರ್, ಸೌಂಡ್ ಕಾರ್ಡ್ ಇತ್ಯಾದಿಗಳನ್ನ ನಡೆಸೋ ಪುಟ್ಟ ಪ್ರೋಗ್ರಾಮ್‌ಗಳದ್ದು. ವಿಂಡೋಸ್ ಎಕ್ಸ್‌ಪಿಯಲ್ಲಿ ವರದಿಯಾದ ಕ್ರ್ಯಾಶ್‌ಗಳಲ್ಲಿ ಶೇಕಡಾ 85ಕ್ಕೆ ಡ್ರೈವರ್‌ಗಳೇ ಕಾರಣ ಅಂತ 2003ರ ಒಂದು ಪ್ರಬಂಧ ಹೇಳುತ್ತೆ. ಅವನ್ನ ಬರೆಯೋರು ಹೊರಗಿನ ನೂರಾರು ಕಂಪನಿಯವರು, ಆದ್ರೆ ಅವು ಓಡೋದು ಕರ್ನೆಲ್ ಒಳಗೆ. ಒಂದು ತಪ್ಪಾದ್ರೆ ಇಡೀ ಮನೆಗೇ ಕರೆಂಟ್ ಹೋದ ಹಾಗೆ.

2000ದ ಆಸುಪಾಸಿನಲ್ಲಿ ಮೈಕ್ರೋಸಾಫ್ಟ್ ರಿಸರ್ಚ್‌ನ ಥಾಮಸ್ ಬಾಲ್ ಮತ್ತು ಶ್ರೀರಾಮ್ ರಾಜಮಣಿ 'ಸ್ಲ್ಯಾಮ್' ಅನ್ನೋ ಪ್ರಾಜೆಕ್ಟ್ ಕೈಗೆತ್ತಿಕೊಂಡ್ರು. ಅವರು ಮಾಡಿದ ಮೊದಲ ಜಾಣತನ ಅಂದ್ರೆ ಪ್ರಶ್ನೆಯನ್ನ ಚಿಕ್ಕದು ಮಾಡಿಕೊಂಡದ್ದು. "ಈ ಪ್ರೋಗ್ರಾಮ್ ಸರಿ ಇದೆಯಾ?" ಅಂತ ಕೇಳಲಿಲ್ಲ. "ಈ ಡ್ರೈವರ್ ವಿಂಡೋಸ್‌ನ ಇಂಥ ಒಂದು ನಿಯಮವನ್ನ ಪಾಲಿಸುತ್ತಾ?" ಅಂತ ಕೇಳಿದ್ರು. ಉದಾಹರಣೆಗೆ, ಲಾಕ್ ತಗೊಂಡ್ರೆ ಬಿಡಲೇಬೇಕು, ತಗೊಂಡಿರೋ ಲಾಕನ್ನ ಮತ್ತೆ ತಗೊಳ್ಳಬಾರದು.

ಇದು ಹೇಗೆ ಕೆಲಸ ಮಾಡುತ್ತೆ ಅಂತ ಒಂದು ಪುಟ್ಟ ಫಂಕ್ಷನ್ ಇಟ್ಟುಕೊಂಡು ನೋಡೋಣ. ಅದರ ಶುರುವಿನಲ್ಲಿ 'ಫ್ಲಾಗ್ ನಿಜ ಇದ್ರೆ ಲಾಕ್ ತಗೋ' ಅಂತಿದೆ. ಮಧ್ಯದಲ್ಲಿ ಐನೂರು ಸಾಲು ಬೇರೆ ಏನೋ ಕೆಲಸ. ಕೊನೆಯಲ್ಲಿ 'ಫ್ಲಾಗ್ ನಿಜ ಇದ್ರೆ ಲಾಕ್ ಬಿಡು' ಅಂತಿದೆ. ಸ್ಲ್ಯಾಮ್ ಮೊದಲು ಎಲ್ಲಾ ವೇರಿಯಬಲ್‌ಗಳನ್ನೂ ಮರೆತುಬಿಡುತ್ತೆ. ಬರೀ ಲಾಕ್ ತಗೊಳ್ಳೋದು, ಬಿಡೋದು ಮಾತ್ರ ಇರೋ ಒಂದು ಅಸ್ಥಿಪಂಜರದಂಥ ಪ್ರೋಗ್ರಾಮ್ ಮಾಡಿಕೊಳ್ಳುತ್ತೆ. ಅದರಲ್ಲಿ ಎರಡೂ ಕಡೆ 'ಇದ್ರೂ ಇರಬಹುದು, ಇಲ್ಲದೇನೂ ಇರಬಹುದು'. ಹಾಗಾಗಿ ಮೊದಲ ಕಡೆ ಲಾಕ್ ತಗೊಂಡು, ಕೊನೆಯಲ್ಲಿ ಬಿಡದೇ ಹೋಗೋ ಒಂದು ದಾರಿ ಸಿಗುತ್ತೆ. ತಪ್ಪು ಸಿಕ್ತು ಅಂತ ತಕ್ಷಣ ಕೂಗಲ್ಲ. ಆ ದಾರಿಯನ್ನ ಹಿಡಿದು ಮೂಲ ಕೋಡಿಗೆ ಹೋಗಿ, 'ಈ ದಾರಿಯಲ್ಲಿ ನಿಜವಾಗಿ ನಡೆಯೋಕೆ ಆಗುತ್ತಾ?' ಅಂತ ನೋಡುತ್ತೆ. ಫ್ಲಾಗ್ ಮೊದಲು ನಿಜ, ಆಮೇಲೆ ಸುಳ್ಳು ಆಗಬೇಕು, ಮಧ್ಯೆ ಅದನ್ನ ಯಾರೂ ಮುಟ್ಟಿಲ್ಲ. ಅಂದ್ರೆ ಈ ದಾರಿ ಅಸಾಧ್ಯ. 'ಓಹೋ, ಫ್ಲಾಗನ್ನ ಮರೆಯಬಾರದಿತ್ತು' ಅಂತ ಅದೊಂದನ್ನ ಮಾತ್ರ ಅಸ್ಥಿಪಂಜರಕ್ಕೆ ಸೇರಿಸಿ ಮತ್ತೆ ಶುರು ಮಾಡುತ್ತೆ. ನಿಜವಾದ ತಪ್ಪು ಸಿಗೋವರೆಗೆ, ಇಲ್ಲವೇ ತಪ್ಪಿಲ್ಲ ಅಂತ ಸಾಬೀತಾಗೋವರೆಗೆ ಇದೇ ಸುತ್ತು. ಎಲ್ಲಾ ಸಲ ಇದು ಮುಗಿದೇ ಮುಗಿಯುತ್ತೆ ಅನ್ನೋ ಖಾತ್ರಿ ಇಲ್ಲ. ಥಿಯರಿ ಆಫ್ ಕಂಪ್ಯೂಟೇಶನ್ ಕ್ಲಾಸಿನಲ್ಲಿ ನಿದ್ದೆ ಮಾಡದವರಿಗೆ ಯಾಕೆ ಅಂತ ಗೊತ್ತು. ಆದ್ರೆ ಡ್ರೈವರ್‌ನಂಥ ಕೋಡಿಗೆ, ಇಂಥ ನಿಯಮಗಳಿಗೆ, ಬಹಳ ಸಲ ಮುಗಿಯುತ್ತೆ.

ಇದಿಷ್ಟು ಸಂಶೋಧನೆ. ಪ್ರಬಂಧಗಳು 2001, 2002ರಲ್ಲೇ ಬಂದವು. ಆದ್ರೆ ಹೊರಗಿನ ಡ್ರೈವರ್ ಬರೆಯೋರ ಕೈಗೆ ಇದು 'ಸ್ಟ್ಯಾಟಿಕ್ ಡ್ರೈವರ್ ವೆರಿಫೈಯರ್' ಅನ್ನೋ ಹೆಸರಲ್ಲಿ ತಲುಪಿದ್ದು ವಿಂಡೋಸ್ ವಿಸ್ಟಾ ಹೊತ್ತಿಗೆ, 2006ರಲ್ಲಿ. ಮಧ್ಯದ ವರ್ಷಗಳಲ್ಲಿ ಏನಾಯ್ತು? ನಿಯಮಗಳನ್ನ ಒಂದೊಂದಾಗಿ ಬರೆದ್ರು. ಡ್ರೈವರ್ ಕರೆಯೋ ವಿಂಡೋಸ್ ಫಂಕ್ಷನ್‌ಗಳ ಬದಲಿಗೆ ಒಂದು ನಕಲಿ ವಿಂಡೋಸ್ ಮಾದರಿ ಕಟ್ಟಿದ್ರು. ಅದು ತಪ್ಪಾಗಿದ್ರೆ ಟೂಲ್ ಕೊಡೋ ಉತ್ತರವೂ ತಪ್ಪು. ಬಳಸೋರು ಒಂದು ಆದೇಶ ಕೊಟ್ಟರೆ ಸಾಕು, ಲಾಜಿಕ್ ಗೊತ್ತಿರಬೇಕಾಗಿಲ್ಲ ಅನ್ನೋ ಹಾಗೆ ಮಾಡಿದ್ರು. ವಿಂಡೋಸ್ ತಂಡದ ಒಳಗೇ ಇದನ್ನ ತಮ್ಮದು ಅಂದುಕೊಂಡು ನೋಡಿಕೊಳ್ಳೋ ಎಂಜಿನಿಯರ್‌ಗಳು ಬಂದ್ರು. ಈ ಕೊನೆಯದು ಬಹಳ ಮುಖ್ಯ. ಸಂಶೋಧಕರು ಬಂದು ಹೋಗೋ ಅತಿಥಿಗಳು, ಮನೆಯವರು ದಿನಾ ನೀರು ಹಾಕದಿದ್ರೆ ಗಿಡ ಒಣಗುತ್ತೆ.

ಬಾಲ್ ಮತ್ತು ರಾಜಮಣಿ ಇಬ್ಬರಿಗೂ ಈ ಕೆಲಸಕ್ಕೆ 2011ರಲ್ಲಿ ಕ್ಯಾವ್ ಪ್ರಶಸ್ತಿ ಬಂತು. ರಾಜಮಣಿ ಆ ಹೊತ್ತಿಗೆ ನಮ್ಮ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ಗೆ ಬಂದಿದ್ರು, ಮುಂದೆ ಅದರ ಮುಖ್ಯಸ್ಥರೂ ಆದ್ರು. ಇನ್ನೊಂದು ಲೆಕ್ಕ ನೋಡಿ. ಸ್ಲ್ಯಾಮ್‌ನ ತಾಯಿಬೇರು ಮಾಡೆಲ್ ಚೆಕಿಂಗ್. ಆ ವಿಚಾರ ಹುಟ್ಟಿದ್ದು 1980ರ ದಶಕದ ಆರಂಭದಲ್ಲಿ. ಅಲ್ಲಿಂದ ಎಣಿಸಿದ್ರೆ ಡ್ರೈವರ್ ಕಿಟ್‌ವರೆಗಿನ ದಾರಿ ಸುಮಾರು ಕಾಲು ಶತಮಾನ.

"ಅವೆರಡೂ ಪಕ್ಕ ಪಕ್ಕದಲ್ಲೇ ಇವೆಯಲ್ಲ!"

ಮೈಕ್ರೋಸಾಫ್ಟ್ ಒಳಗೆ ಕೋಡೂ ಅವರದ್ದೇ, ಕಂಪೈಲರೂ ಅವರದ್ದೇ. ಹೊರಗಿನ ಪ್ರಪಂಚಕ್ಕೆ ಟೂಲ್ ಮಾರೋಕೆ ಹೊರಟವರ ಪಾಡು ಬೇರೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡಾಸನ್ ಎಂಗ್ಲರ್ ಮತ್ತು ಅವರ ವಿದ್ಯಾರ್ಥಿಗಳು ಲಿನಕ್ಸ್‌ನಂಥ ದೊಡ್ಡ ಕೋಡಿನಲ್ಲಿ ರಾಶಿ ರಾಶಿ ಬಗ್ ಹಿಡಿದು ಹೆಸರು ಮಾಡಿದ್ರು. ಅದೇ ವಿಚಾರ ಹಿಡಿದು 'ಕವೆರಿಟಿ' ಅನ್ನೋ ಕಂಪನಿ ಕಟ್ಟಿದ್ರು. 2010ರಲ್ಲಿ ತಮ್ಮ ಅನುಭವವನ್ನ ಒಂದು ಲೇಖನವಾಗಿ ಬರೆದ್ರು. ಅಷ್ಟು ಪ್ರಾಮಾಣಿಕವಾದ, ಅಷ್ಟು ನಗು ಬರಿಸೋ ತಾಂತ್ರಿಕ ಬರಹ ನಾನು ಇನ್ನೊಂದು ಓದಿಲ್ಲ.

ಅವರ ಮೊದಲ ಪಾಠ: ಕಣ್ಣಿಗೆ ಕಾಣದ ಕೋಡನ್ನ ಪರೀಕ್ಷಿಸೋಕೆ ಆಗಲ್ಲ. ಕೇಳೋಕೆ ತಮಾಷೆ ಅನ್ನಿಸುತ್ತೆ. ಆದ್ರೆ ಗ್ರಾಹಕರ ಹತ್ರ ಹೋಗಿ "ನಿಮ್ಮ ಕೋಡ್ ಹೇಗೆ ಬಿಲ್ಡ್ ಆಗುತ್ತೆ?" ಅಂತ ಕೇಳಿದ್ರೆ ಎಷ್ಟೋ ಕಡೆ ಉತ್ತರ ಗೊತ್ತಿರೋರೇ ಇರಲಿಲ್ಲ. ಯಾವಾಗಲೋ ಯಾರೋ ಬರೆದಿಟ್ಟು ಹೋದ ಸ್ಕ್ರಿಪ್ಟ್, ಒತ್ತಿದ್ರೆ ಓಡುತ್ತೆ, ಅಷ್ಟೇ. ಹಾಗಾಗಿ ಕವೆರಿಟಿಯವರು ಬಿಲ್ಡ್ ನಡೀತಾ ಇರುವಾಗ ಪಕ್ಕದಲ್ಲೇ ನಿಂತು, ಕಂಪೈಲರ್‌ಗೆ ಹೋಗೋ ಪ್ರತಿ ಆದೇಶವನ್ನೂ ಕದ್ದು ನೋಡಿ ಬರೆದುಕೊಳ್ಳೋ ವ್ಯವಸ್ಥೆ ಮಾಡಬೇಕಾಯ್ತು. ಇನ್ನು ಸಿ ಭಾಷೆ ಅನ್ನೋದೇ ಒಂದಿಲ್ಲ ಅಂತ ಗೊತ್ತಾಯ್ತು. ಪ್ರತಿ ಕಂಪೈಲರ್ ಒಪ್ಪಿಕೊಳ್ಳೋದೇ ಆ ಊರಿನ ಸಿ. ಮೈಸೂರು ಕನ್ನಡ, ಧಾರವಾಡ ಕನ್ನಡ, ಕುಂದಾಪುರ ಕನ್ನಡ ಇದ್ದ ಹಾಗೆ. ವ್ಯಾಕರಣದ ಪುಸ್ತಕ ಹಿಡಿದು ಹೊರಟ ಟೂಲ್‌ಗೆ ಅರ್ಧ ಮಾತು ಅರ್ಥವೇ ಆಗಲ್ಲ.

ಎರಡನೇ ಪಾಠ: ಬಗ್ ತೋರಿಸಿದ್ರೆ ಸಾಲದು, ಅದು ಬಗ್ ಅಂತ ಎದುರಿನವರು ಒಪ್ಪಬೇಕು. ಅವರು ಕೊಟ್ಟ ಒಂದು ಉದಾಹರಣೆ ನನಗೆ ಮರೆಯೋಕೇ ಆಗಿಲ್ಲ. ಎರಡು ಪೂರ್ಣಾಂಕಗಳ ಒಂದು ಅರೇ, ಅದರ ಪಕ್ಕ ಇನ್ನೊಂದು ಪೂರ್ಣಾಂಕ ಡಿಕ್ಲೇರ್ ಆಗಿದೆ. ಅರೇ ಇರೋದು 8 ಬೈಟ್. ಮೆಮ್‌ಸೆಟ್ ಮಾತ್ರ 12 ಬೈಟ್‌ಗೆ ಸೊನ್ನೆ ತುಂಬುತ್ತೆ. ಟೂಲ್ 'ಗಡಿ ದಾಟಿದೆ' ಅಂತ ಹೇಳಿದ್ರೆ, ಬರೆದವರ ವಾದ: "ಬೇಕಂತಲೇ ಮಾಡಿದ್ದು, ಅವೆರಡೂ ಪಕ್ಕ ಪಕ್ಕದಲ್ಲೇ ಇವೆಯಲ್ಲ!" ಇಂಥವರ ಹತ್ರ ಪ್ರಮೇಯ ಹಿಡಿದುಕೊಂಡು ಹೋದ್ರೆ ಪ್ರಯೋಜನ ಏನು? ವಿವರಿಸೋಕೆ ಕಷ್ಟವಾದ ತಪ್ಪನ್ನ ಜನ 'ಟೂಲ್ ಸರಿ ಇಲ್ಲ' ಅಂತ ತಳ್ಳಿಹಾಕ್ತಾರೆ. ಹಾಗಾಗಿ ನಿಜವಾದ ಬಗ್ ಹಿಡಿಯೋ ಕೆಲವು ಪರೀಕ್ಷೆಗಳನ್ನೇ, ವಿವರಿಸೋಕೆ ಆಗಲ್ಲ ಅಂತ ಅವರು ನಿಲ್ಲಿಸಬೇಕಾಯ್ತು.

ಮೂರನೇ ಪಾಠ: ಸುಳ್ಳು ಎಚ್ಚರಿಕೆಗಳು ಶೇಕಡಾ 30 ದಾಟಿದ್ರೆ ಜನ ಟೂಲನ್ನೇ ನಂಬೋದು ಬಿಡ್ತಾರೆ. ತೋಳ ಬಂತು ತೋಳ ಕತೆ ಇದ್ದಹಾಗೆ, ಆಮೇಲೆ ನಿಜವಾದ ತೋಳ ಬಂದ್ರೂ ಯಾರೂ ಎದ್ದು ಬರಲ್ಲ.

ನಾಲ್ಕನೆಯದಂತೂ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಟೂಲ್ ಸುಧಾರಿಸಿ ಹೊಸ ಆವೃತ್ತಿ ಕೊಟ್ಟರೆ ಅದು ಮೊದಲಿಗಿಂತ ಹೆಚ್ಚು ಬಗ್ ಹಿಡಿಯುತ್ತೆ. ಸಂಶೋಧಕರಿಗೆ ಇದು ಸಂಭ್ರಮ. ಆದ್ರೆ ಅಲ್ಲಿನ ಮ್ಯಾನೇಜರ್ ತನ್ನ ಮೇಲಿನವರಿಗೆ 'ಬಗ್ ಸಂಖ್ಯೆ ತಿಂಗಳು ತಿಂಗಳೂ ಕಡಿಮೆ ಆಗ್ತಿದೆ' ಅಂತ ಗ್ರಾಫ್ ತೋರಿಸ್ತಾ ಇರ್ತಾರೆ. ಹೊಸ ಆವೃತ್ತಿ ಹಾಕಿದ ದಿನ ಗ್ರಾಫ್ ಮೇಲಕ್ಕೆ ಹಾರುತ್ತೆ! ಕೆಲವರಿಗೆ ಬೇಕಾಗಿದ್ದು ಒಳ್ಳೆಯ ಟೂಲ್ ಅಲ್ಲ, ನಿನ್ನೆಯ ಉತ್ತರವನ್ನೇ ಇವತ್ತೂ ಕೊಡೋ ಟೂಲ್.

ಅದೇ ಟೂಲ್, ಬೇರೆ ಹೊತ್ತು

ನನ್ನ ಸ್ಪ್ರೆಡ್‌ಶೀಟ್ ಕತೆಗೆ ಅಣ್ಣನಂಥ ಕತೆ ಫೇಸ್‌ಬುಕ್‌ನದ್ದು.

2000ದ ಆಸುಪಾಸಿನಲ್ಲಿ ಜಾನ್ ರೆನಾಲ್ಡ್ಸ್, ಪೀಟರ್ ಒ'ಹರ್ನ್ ಮೊದಲಾದವರು 'ಸೆಪರೇಶನ್ ಲಾಜಿಕ್' ಅನ್ನೋ ತರ್ಕವನ್ನ ಬೆಳೆಸಿದ್ರು. ಪಾಯಿಂಟರ್‌ಗಳಿರೋ ಪ್ರೋಗ್ರಾಮ್ ಬಗ್ಗೆ ಸಾಬೀತು ಮಾಡೋದು ಯಾಕೆ ಕಷ್ಟ? ಇಲ್ಲಿ ಒಂದು ಪಾಯಿಂಟರ್ ಮೂಲಕ ಬದಲಾಯಿಸಿದ್ರೆ ಎಲ್ಲೋ ದೂರದಲ್ಲಿ ಇನ್ನೇನೋ ಬದಲಾಗಬಹುದು. ಒಂದು ಸಾಲು ನೋಡೋಕೆ ಇಡೀ ಮೆಮೊರಿ ತಲೆಯಲ್ಲಿ ಇಟ್ಟುಕೊಳ್ಳಬೇಕು. ಸೆಪರೇಶನ್ ಲಾಜಿಕ್ ಹೇಳೋದು ಇಷ್ಟು: ಈ ಫಂಕ್ಷನ್ ಮುಟ್ಟೋ ಮೆಮೊರಿ ಇಷ್ಟು, ಉಳಿದದ್ದನ್ನ ಇದು ಮುಟ್ಟಲ್ಲ, ಹಾಗಾಗಿ ಉಳಿದದ್ದರ ಚಿಂತೆ ಬೇಡ. ಅಡುಗೆಮನೆ ರಿಪೇರಿಗೆ ಬಂದವರು ಮಲಗೋ ಕೋಣೆ ಬೀಗ ತೆಗೆಸಿ ನೋಡಬೇಕಾಗಿಲ್ಲ ಅನ್ನೋ ಹಾಗೆ. 2009ರಲ್ಲಿ ಒ'ಹರ್ನ್ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದೆ ಹೋದ್ರು. ಒಂದು ಫಂಕ್ಷನ್‌ಗೆ ಏನೇನು ಬೇಕು, ಅದು ಏನನ್ನ ಮುಟ್ಟಲ್ಲ ಅನ್ನೋದನ್ನ ಕಂಪ್ಯೂಟರೇ ಊಹಿಸಿ ಪುಟ್ಟ ಸಾರಾಂಶ ಬರೆಯೋ ವಿಧಾನ ಕಂಡುಹಿಡಿದ್ರು. ಲಂಡನ್‌ನಲ್ಲಿ 'ಮೊನೊಯ್ಡಿಕ್ಸ್' ಅನ್ನೋ ಪುಟ್ಟ ಕಂಪನಿ ಹುಟ್ಟಿತು. 2013ರಲ್ಲಿ ಫೇಸ್‌ಬುಕ್ ಅದನ್ನ ಕೊಂಡುಕೊಂಡಿತು. ಆ ಟೂಲೇ 'ಇನ್ಫರ್'. 2015ರಲ್ಲಿ ಅದು ಓಪನ್ ಸೋರ್ಸ್ ಆಯ್ತು, ಈಗ ನೀವೂ ಇಳಿಸಿಕೊಂಡು ನೋಡಬಹುದು.

ಫೇಸ್‌ಬುಕ್ ಸೇರಿದ ಹೊಸದರಲ್ಲಿ ಈ ಪಂಡಿತರು ಮಾಡಿದ್ದೇನು ಗೊತ್ತಾ? ಇಡೀ ಕೋಡ್ ಮೇಲೆ ರಾತ್ರಿ ಟೂಲ್ ಓಡಿಸಿ, ಬಂದ ಬಗ್‌ಗಳಲ್ಲಿ ಇಪ್ಪತ್ತು ಮೂವತ್ತನ್ನ ಎಂಜಿನಿಯರ್‌ಗಳಿಗೆ ಹಂಚಿದ್ರು. ಬಗ್‌ಗಳು ನಿಜವಾದವೇ ಅಂತ ಮೊದಲೇ ಕಷ್ಟಪಟ್ಟು ನೋಡಿಕೊಂಡಿದ್ರು. ಬಂದ ಪ್ರತಿಕ್ರಿಯೆ ಹೆಚ್ಚು ಕಡಿಮೆ ಮೌನ. ತಿದ್ದಿದ ಬಗ್‌ಗಳ ಪ್ರಮಾಣ ಸೊನ್ನೆಯ ಹತ್ತಿರ.

ಆಮೇಲೆ ಒಂದೇ ಒಂದು ಬದಲಾವಣೆ ಮಾಡಿದ್ರು. ಎಂಜಿನಿಯರ್ ಹೊಸ ಬದಲಾವಣೆ ಬರೆದು ಕೋಡ್ ರಿವ್ಯೂಗೆ ಹಾಕಿದ ಕೂಡಲೇ ಇನ್ಫರ್ ಅದನ್ನ ಓದಿ, ಜೊತೆಗೆ ಕೂತು ರಿವ್ಯೂ ಮಾಡೋ ಸಹೋದ್ಯೋಗಿಯಂತೆ ಆ ಸಾಲಿನ ಕೆಳಗೇ ಕಾಮೆಂಟ್ ಹಾಕೋ ಹಾಗೆ ಮಾಡಿದ್ರು. ಟೂಲ್ ಅದೇ, ಸುಳ್ಳು ಎಚ್ಚರಿಕೆಗಳ ಪ್ರಮಾಣವೂ ಅದೇ. ತಿದ್ದಿದ ಪ್ರಮಾಣ ಶೇಕಡಾ 70 ದಾಟಿತು!

ಯಾಕೆ ಹೀಗೆ? ಅವರು ಕೊಡೋ ಕಾರಣ ಎರಡು. ಒಂದು, ಆ ಹೊತ್ತಿನಲ್ಲಿ ಆ ಕೋಡ್ ಬರೆದವರ ತಲೆಯಲ್ಲಿ ಬಿಸಿಬಿಸಿಯಾಗಿರುತ್ತೆ. ತಿಂಗಳ ನಂತರ ಕೇಳಿದ್ರೆ ಮಾಡ್ತಾ ಇರೋ ಕೆಲಸ ಬಿಟ್ಟು ಹಳೇದನ್ನ ನೆನಪು ಮಾಡಿಕೊಳ್ಳಬೇಕು. ಎರಡು, ಅದು ಯಾರ ಬಗ್ ಅನ್ನೋ ಪ್ರಶ್ನೆಯೇ ಬರಲ್ಲ. ಸರಿಯಾದವರಿಗೇ ತಲುಪುತ್ತೆ. ನನ್ನ ಮೂರನೇ ಸಾಲಿನ ಬಗ್ಗೆ ಮೇಡಂ ಹೇಳಿದ ಮಾತು ಇದೇ ತಾನೆ?

ಇಲ್ಲಿ ಒಂದು ವಿಷಯ ಗಮನಿಸಿ. 'ಥಿಯರಿ ಬೇಡ, ಬಳಕೆಯ ಜಾಣತನ ಒಂದಿದ್ರೆ ಸಾಕು' ಅನ್ನೋದು ಈ ಕತೆಯ ಅರ್ಥ ಅಲ್ಲ. ಕೋಟಿಗಟ್ಟಲೆ ಸಾಲುಗಳ ಕೋಡನ್ನ ಪ್ರತಿ ಬದಲಾವಣೆಗೂ ಮೊದಲಿನಿಂದ ಓದೋದಕ್ಕೆ ಗಂಟೆಗಟ್ಟಲೆ ಹಿಡಿಯುತ್ತೆ, ರಿವ್ಯೂ ಅಷ್ಟು ಹೊತ್ತು ಕಾಯಲ್ಲ. ಸೆಪರೇಶನ್ ಲಾಜಿಕ್ ಕೊಟ್ಟ ಸಾರಾಂಶಗಳಿಂದಾಗಿ, ಬದಲಾದ ಫಂಕ್ಷನ್‌ಗಳನ್ನೂ ಅವನ್ನ ನೆಚ್ಚಿಕೊಂಡವನ್ನೂ ಮಾತ್ರ ಮತ್ತೆ ನೋಡಿದ್ರೆ ಸಾಕಾಯ್ತು. ಹಾಗಾಗಿ ನಿಮಿಷಗಳಲ್ಲಿ ಉತ್ತರ ಬಂತು. ಆಳವಾದ ಗಣಿತ ಇದ್ದಿದ್ದರಿಂದಲೇ ಸರಿಯಾದ ಹೊತ್ತಿಗೆ ಬಾಯಿ ಬಿಡೋಕೆ ಸಾಧ್ಯ ಆಯ್ತು.

ಸುಳ್ಳು ಎಚ್ಚರಿಕೆ ಅಂದ್ರೆ ಯಾವುದು?

ಗೂಗಲ್‌ನವರೂ ಇದೇ ಹಳ್ಳಕ್ಕೆ ಬಿದ್ದು ಎದ್ದವರೇ. ಜಾವಾ ಬಗ್ ಹಿಡಿಯೋ ಫೈಂಡ್‌ಬಗ್ಸ್ ಅನ್ನೋ ಟೂಲ್ ಓಡಿಸಿ, ಬಂದದ್ದನ್ನ ಒಂದು ಡ್ಯಾಶ್‌ಬೋರ್ಡ್‌ನಲ್ಲಿ ಹಾಕಿದ್ರು. ದಿನದ ಕೆಲಸ ಬಿಟ್ಟು ಅಲ್ಲಿಗೆ ಹೋಗಿ ನೋಡೋರೇ ಇರಲಿಲ್ಲ. ಕೊನೆಗೆ ಅವರೂ 'ಟ್ರೈಕಾರ್ಡರ್' ಅನ್ನೋ ವ್ಯವಸ್ಥೆ ಕಟ್ಟಿ ಕೋಡ್ ರಿವ್ಯೂ ಹತ್ರವೇ ಬಂದ್ರು. ಪ್ರತಿ ಎಚ್ಚರಿಕೆಯ ಪಕ್ಕ 'ಇದರಿಂದ ಉಪಯೋಗ ಇಲ್ಲ' ಅನ್ನೋಕೆ ಒಂದು ಬಟನ್ ಇಟ್ಟರು.

ಅವರ ಮುಖ್ಯ ಕೊಡುಗೆ ಒಂದು ವ್ಯಾಖ್ಯಾನ. ನಾವು ಪ್ರಬಂಧದಲ್ಲಿ 'ಸುಳ್ಳು ಎಚ್ಚರಿಕೆ' ಅಂದ್ರೆ ಬಗ್ ಇಲ್ಲದ ಕಡೆ ಬಗ್ ಇದೆ ಅಂದದ್ದು. ಗೂಗಲ್‌ನವರ ಪ್ರಕಾರ, ಎಚ್ಚರಿಕೆ ನೋಡಿದ ಎಂಜಿನಿಯರ್ ಏನೂ ಮಾಡದೇ ಹೋದ್ರೆ ಅದು ಸುಳ್ಳು ಎಚ್ಚರಿಕೆ. ಟೂಲ್ ಹೇಳಿದ್ದು ಅಕ್ಷರಶಃ ಸತ್ಯವೇ ಆಗಿದ್ರೂ, ಅವರಿಗೆ ಅರ್ಥ ಆಗದಿದ್ರೆ, ಮುಖ್ಯ ಅನ್ನಿಸದಿದ್ರೆ, ತಪ್ಪು ಟೂಲ್‌ನದ್ದೇ. ತಿರುಗಾಮುರುಗಾ ಕೂಡ ಹೌದು. ಬಗ್ ಇಲ್ಲದಿದ್ರೂ ಎಚ್ಚರಿಕೆ ನೋಡಿ ಅವರು ಕೋಡನ್ನ ಇನ್ನಷ್ಟು ತಿಳಿಯಾಗಿ ಬರೆದ್ರೆ ಅದು ಸುಳ್ಳಲ್ಲ. ಈ ಲೆಕ್ಕದಲ್ಲಿ ಸುಳ್ಳಿನ ಪ್ರಮಾಣ ಶೇಕಡಾ 10ರ ಒಳಗಿರಬೇಕು ಅನ್ನೋದು ಅವರ ಗುರಿ.

ನಮ್ಮ ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ನಿಖರತೆ ನೂರಕ್ಕೆ ನೂರು ಅಂತ ದಪ್ಪಕ್ಷರದಲ್ಲಿ ಹಾಕಿದ್ವಿ. ಈ ಅಳತೆಗೋಲಿನಲ್ಲಿ ಅಳೆದ್ರೆ ಕಂಪನಿಯಲ್ಲಿ ಅದು ಸೊನ್ನೆ.

ಹೆಸರು ಬದಲಾಯಿಸಿದ ಅಮೆಜಾನ್

ಇನ್ನೊಂದು ಪುಟ್ಟ ಕತೆ. ಲೆಸ್ಲಿ ಲ್ಯಾಂಪೋರ್ಟ್ 1990ರ ದಶಕದಲ್ಲಿ ರೂಪಿಸಿದ 'ಟಿಎಲ್‌ಎ ಪ್ಲಸ್' ಅನ್ನೋದು ಒಂದು ವ್ಯವಸ್ಥೆಯ ವಿನ್ಯಾಸವನ್ನ ಗಣಿತದಲ್ಲಿ ಬರೆದು, ಅದು ಹೋಗಬಹುದಾದ ಸ್ಥಿತಿಗಳನ್ನೆಲ್ಲ ಕಂಪ್ಯೂಟರ್‌ನಿಂದ ಪರೀಕ್ಷೆ ಮಾಡಿಸೋ ಭಾಷೆ. 2011ರಿಂದ ಅಮೆಜಾನ್ ವೆಬ್ ಸರ್ವೀಸಸ್‌ನ ಎಂಜಿನಿಯರ್‌ಗಳು ಇದನ್ನ ಬಳಸೋಕೆ ಶುರು ಮಾಡಿದ್ರು. ಡೈನಮೊಡಿಬಿ ವಿನ್ಯಾಸದಲ್ಲಿ ಇದು ಹಿಡಿದ ಒಂದು ಬಗ್ ಹೊರಗೆ ಕಾಣಿಸಿಕೊಳ್ಳೋದಕ್ಕೆ ಕನಿಷ್ಠ 35 ಹೆಜ್ಜೆಗಳು ಒಂದು ನಿರ್ದಿಷ್ಟ ಕ್ರಮದಲ್ಲಿ ನಡೆಯಬೇಕಿತ್ತು. ಯಾವ ಟೆಸ್ಟಿಂಗ್ ತಂಡ ಅಂಥದ್ದನ್ನ ಊಹಿಸುತ್ತೆ?

ಆದ್ರೆ ಇದನ್ನ ಬೇರೆ ತಂಡಗಳಿಗೆ ಹೇಳುವಾಗ ಅವರು 'ಫಾರ್ಮಲ್', 'ವೆರಿಫಿಕೇಶನ್', 'ಪ್ರೂಫ್' ಅನ್ನೋ ಪದಗಳನ್ನ ಬೇಕಂತಲೇ ಬಿಟ್ಟರು. ಆ ಪದ ಕೇಳಿದ ಕೂಡಲೇ ಎಂಜಿನಿಯರ್‌ಗಳು 'ಇದು ಪಿಎಚ್‌ಡಿ ಮಾಡಿದವರಿಗೆ' ಅಂತ ಕಿವಿ ಮುಚ್ಚಿಕೊಳ್ತಾರೆ. ಬದಲಿಗೆ 'ವಿನ್ಯಾಸವನ್ನ ಡೀಬಗ್ ಮಾಡೋದು' ಅಂದ್ರು. ಡೀಬಗ್ ಯಾರಿಗೆ ಬೇಡ? ಹೊಸದಾಗಿ ಸೇರಿದವರೂ ಎರಡು ಮೂರು ವಾರದಲ್ಲಿ ಕಲಿತು ಬಳಸಿದ್ರು.

ಹಾಗಾದ್ರೆ ಸಂಶೋಧನೆಯೇ ದಾರಿ ತಪ್ಪಿದೆಯಾ?

'ಇವರು ಬರೆಯೋ ಪ್ರಬಂಧ ಯಾರಿಗೆ ಬೇಕು' ಅನ್ನೋದು ಕಂಪನಿಗಳ ಕ್ಯಾಂಟೀನ್‌ಗಳಲ್ಲಿ ಕೇಳಿಬರೋ ಮಾತು. ಅದನ್ನ ಅಳೆದು ನೋಡಿದವರಿದ್ದಾರೆ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಎರಡು ದೊಡ್ಡ ಸಾಫ್ಟ್‌ವೇರ್ ಎಂಜಿನಿಯರಿಂಗ್ ಸಮ್ಮೇಳನಗಳ ಐದು ವರ್ಷದ 571 ಪ್ರಬಂಧಗಳ ತಿರುಳನ್ನ ಮೈಕ್ರೋಸಾಫ್ಟ್‌ನ 512 ಜನರ ಮುಂದಿಟ್ಟು ಅಂಕ ಕೊಡಿಸಿದ್ರು. ಬಂದ ಅಂಕಗಳಲ್ಲಿ ಶೇಕಡಾ 71 'ಅತ್ಯಗತ್ಯ' ಅಥವಾ 'ಮಾಡಬೇಕಾದ ಕೆಲಸ' ಅನ್ನೋ ಕಡೆಗಿದ್ದವು. ಅಂದ್ರೆ ಕೆಲಸ ಮಾಡೋರಿಗೆ ವಿಷಯಗಳು ಬೇಡವಾಗಿಲ್ಲ. ಆದ್ರೆ ಒಂದು ಪ್ರಬಂಧವನ್ನ ಬೇರೆ ಸಂಶೋಧಕರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಅನ್ನೋದಕ್ಕೂ, ಎಂಜಿನಿಯರ್‌ಗಳು ಕೊಟ್ಟ ಅಂಕಕ್ಕೂ ಸಂಬಂಧವೇ ಕಾಣಲಿಲ್ಲ. ಎರಡು ಊರಿನ ತಕ್ಕಡಿ ಬೇರೆ ಬೇರೆ.

ಸ್ವೀಡನ್‌ನ ಟೋನಿ ಗೋರ್ಶೆಕ್ ಮತ್ತು ಸಂಗಡಿಗರು ಅಲ್ಲಿನ ಕಂಪನಿಗಳ ಜೊತೆ ಕೆಲಸ ಮಾಡಿದ ಅನುಭವದಿಂದ 2006ರಲ್ಲಿ ಏಳು ಹೆಜ್ಜೆಗಳ ಒಂದು ದಾರಿ ಬರೆದಿಟ್ಟರು. ಮೊದಲು ಕಂಪನಿಗೆ ಹೋಗಿ ತೊಂದರೆ ಏನು ಅಂತ ಕಣ್ಣಾರೆ ನೋಡಿ. ಅದನ್ನ ಸಂಶೋಧನೆಯ ಪ್ರಶ್ನೆಯಾಗಿ ಬರೆಯಿರಿ. ಪರಿಹಾರ ರೂಪಿಸಿ. ಲ್ಯಾಬ್‌ನಲ್ಲಿ ಪರೀಕ್ಷಿಸಿ. ಆಮೇಲೆ ಕಂಪನಿಯವರಿಗೆ ತೋರಿಸಿ, ಅವರ ಟೀಕೆ ಕೇಳಿ. ಒಂದು ಚಿಕ್ಕ ನಿಜವಾದ ಪ್ರಾಜೆಕ್ಟ್‌ನಲ್ಲಿ ಪ್ರಯೋಗ ಮಾಡಿ. ಕೊನೆಗೆ ಎಲ್ಲರಿಗೂ ಕೊಡಿ. ಪ್ರತಿ ಹಂತದಲ್ಲೂ ಹಿಂದಕ್ಕೆ ಹೋಗಿ ತಿದ್ದಿಕೊಳ್ಳಬೇಕಾಗಿ ಬರಬಹುದು. ನಾವು ಮಾಡಿದ್ದು ಮೂರು ಮತ್ತು ನಾಲ್ಕನೇ ಹೆಜ್ಜೆ ಮಾತ್ರ. ಅಲ್ಲಿಂದ ಸೀದಾ ಏಳಕ್ಕೆ ಹಾರಿದ್ವಿ. ಕಾಲು ಮುರಿಯದೇ ಇರುತ್ತಾ?

ನಮ್ಮ ಪ್ರಾಜೆಕ್ಟ್‌ಗಳಿಗೆ ಏನು ಪಾಠ?

ಪ್ರತಿ ವರ್ಷ ನಮ್ಮ ಕಾಲೇಜಿನ ಲೈಬ್ರರಿಗೆ ಚಿನ್ನದ ಬಣ್ಣದ ಅಕ್ಷರದ ಎಷ್ಟೋ ಪ್ರಾಜೆಕ್ಟ್ ರಿಪೋರ್ಟ್‌ಗಳು ಸೇರುತ್ತವೆ, ಧೂಳು ಹಿಡಿಯುತ್ತವೆ. ಅವುಗಳ ಹಿಂದೆ ನಿದ್ದೆಗೆಟ್ಟ ರಾತ್ರಿಗಳಿವೆ. ಜೂನಿಯರ್‌ಗಳಿಗೆ ನಾನು ಹೇಳೋದು ಇಷ್ಟು.

ವಿಷಯ ಆಯ್ಕೆ ಮಾಡೋ ಮೊದಲು ಬಳಸೋರು ಒಬ್ಬರನ್ನ ಹುಡುಕಿ. ಸೀನಿಯರ್ ಇರಬಹುದು, ಕಾಲೇಜಿನ ಆಫೀಸಿನ ಗುಮಾಸ್ತರೇ ಇರಬಹುದು. ಅವರ ಪಕ್ಕ ಒಂದು ದಿನ ಕೂತು ನೋಡಿ. ಪ್ರಶ್ನೆಯನ್ನ ಸ್ಲ್ಯಾಮ್‌ನವರ ಹಾಗೆ ಚಿಕ್ಕದು ಮಾಡಿಕೊಳ್ಳಿ. ನೀವೇ ಬರೆದ ಉದಾಹರಣೆಗಳನ್ನ ಬಿಟ್ಟು ನಿಜವಾದ ಓಪನ್ ಸೋರ್ಸ್ ಕೋಡಿನ ಮೇಲೆ ಓಡಿಸಿ, ಬಿಲ್ಡ್ ಆಗೋದೇ ಎಷ್ಟು ಕಷ್ಟ ಅಂತ ಮೊದಲ ದಿನವೇ ಗೊತ್ತಾಗುತ್ತೆ. 'ಎಷ್ಟು ಹಿಡಿಯಿತು' ಅಂತ ಬರೆಯೋದರ ಜೊತೆ 'ಎಷ್ಟನ್ನ ಯಾರಾದ್ರೂ ತಿದ್ದಿದ್ರು' ಅಂತಾನೂ ಬರೆಯಿರಿ. ಆ ಸಂಖ್ಯೆ ಚಿಕ್ಕದಿದ್ರೆ ಮುಚ್ಚಿಡಬೇಡಿ, ಅದೇ ನಿಮ್ಮ ಮುಂದಿನ ಪ್ರಶ್ನೆ.

ಅಂದಹಾಗೆ ನನ್ನ ಇಂಟರ್ನ್‌ಶಿಪ್ ಕತೆ ಪೂರ್ತಿ ಹೇಳಲಿಲ್ಲ. ಉಳಿದ ನಾಲ್ಕು ವಾರದಲ್ಲಿ ಸ್ಪ್ರೆಡ್‌ಶೀಟ್ ಅಳಿಸಿಹಾಕಿದೆ. ಟೂಲ್‌ನ ಹದಿನಾಲ್ಕು ನಿಯಮಗಳಲ್ಲಿ ಹದಿಮೂರನ್ನ ನಿಲ್ಲಿಸಿದೆ. ಉಳಿದ ಒಂದು ನಿಯಮದ ಎಚ್ಚರಿಕೆಯನ್ನ ಮೂರು ಸಲ ತಿದ್ದಿ ಬರೆದೆ. ಮೇಡಂ ಓದಿ "ಈಗ ಅರ್ಥ ಆಗುತ್ತೆ" ಅನ್ನೋವರೆಗೆ. ಅದನ್ನ ಕೋಡ್ ರಿವ್ಯೂಗೆ ಜೋಡಿಸಿದೆ, ಹೊಸದಾಗಿ ಬರೆದ ಸಾಲುಗಳಿಗೆ ಮಾತ್ರ. ಕೊನೆಯ ಹತ್ತು ದಿನದಲ್ಲಿ ಟೂಲ್ ಬಾಯಿ ಬಿಟ್ಟಿದ್ದು ಐದೇ ಸಲ. ಮೂರನ್ನ ತಿದ್ದಿದ್ರು. ಒಂದಕ್ಕೆ 'ಇದು ಬೇಕಂತಲೇ ಹಾಗೆ' ಅಂತ ಉತ್ತರ ಬಂತು. ಇನ್ನೊಂದನ್ನ ಯಾರೂ ನೋಡಲೇ ಇಲ್ಲ.

ಇನ್ನೂರರಿಂದ ಮೂರಕ್ಕೆ ಇಳಿದಿದ್ದೆ. ಆದ್ರೆ ಹೊರಡೋ ದಿನ, ಅಷ್ಟು ದಿನ ನನ್ನ ಹತ್ರ ಮಾತೇ ಆಡದಿದ್ದ ಸೀನಿಯರ್ ಎಂಜಿನಿಯರ್ ಒಬ್ಬರು ಬಂದು ಕೇಳಿದ್ರು: "ನೀನು ಹೋದ್ಮೇಲೆ ಆ ಕಾಮೆಂಟ್ ಬರೋದು ನಿಂತು ಹೋಗುತ್ತಾ? ಅದನ್ನ ಹೇಗೆ ನಡೆಸೋದು ಅಂತ ಯಾರಿಗಾದ್ರೂ ತೋರಿಸಿದೀಯಾ?"

ತೋರಿಸಿರಲಿಲ್ಲ. ಅವತ್ತು ಸಂಜೆ ಬಸ್ ಬಿಟ್ಟು, ಅವರ ಪಕ್ಕ ಕೂತು ಎರಡು ಪುಟ ಬರೆದುಕೊಟ್ಟು ಬಂದೆ.